ಕ್ಲೌಡ್‌ನಲ್ಲಿ ಒಂದು ಟಿಬಿ, ಲ್ಯಾಪ್‌ಟಾಪ್‌ನಲ್ಲಿ ಒಂದು ಜಿಬಿ: ಸಿ ಡ್ರೈವ್ ತುಂಬಿದಾಗ ಎಲ್ಲಿಂದ ಹುಡುಕಬೇಕು?

ಹೋದ ತಿಂಗಳು ಒಂದು ಸಂಜೆ ಹನುಮಂತನಗರದಿಂದ ಅತ್ತಿಗೆಯ ಫೋನ್ ಬಂತು. "ನೋಡೋ, ದುಡ್ಡು ಕಟ್ಟಿ ಕ್ಲೌಡ್‌ನಲ್ಲಿ ಒಂದು ಟಿಬಿ ಜಾಗ ತಗೊಂಡಿದೀನಿ. ಆದ್ರೂ ಕ್ವಶ್ಚನ್ ಪೇಪರ್ ಸೇವ್ ಮಾಡಕ್ಕೆ ಹೋದ್ರೆ ಜಾಗ ಇಲ್ಲ ಅಂತಿದೆ. ಇದ್ಯಾವ ನ್ಯಾಯ?"

ಅತ್ತಿಗೆ ಮನೆಯಲ್ಲೇ ಟ್ಯೂಷನ್ ಹೇಳುತ್ತಾರೆ. ಎಂಟರಿಂದ ಹತ್ತನೇ ಕ್ಲಾಸಿನವರೆಗೆ ಗಣಿತ. ಕೊರೊನಾ ಕಾಲದಲ್ಲಿ ಆನ್‌ಲೈನ್ ಶುರು ಮಾಡಿದ್ದು, ಈಗಲೂ ವಾರಕ್ಕೆ ಮೂರು ದಿನ ಹಾಗೇ ನಡೆಯುತ್ತದೆ. ವಿಂಡೋಸ್ ಲ್ಯಾಪ್‌ಟಾಪ್, 256 ಜಿಬಿ. ಎಸ್.ಪಿ. ರೋಡಿನ ಒಂದು ಅಂಗಡಿಯಲ್ಲಿ ಕೇಳಿದ್ದಕ್ಕೆ "ಎಸ್‌ಎಸ್‌ಡಿ ಚೇಂಜ್ ಮಾಡ್ಸಿಬಿಡಿ ಮೇಡಂ, 512 ಹಾಕ್ಸಿ" ಅಂದರಂತೆ. ಹಾಕಿಸಬಹುದಿತ್ತು. ಆದರೆ ತುಂಬುತ್ತಿರುವುದು ಯಾವುದು ಅಂತ ನೋಡದೆ ಡಿಸ್ಕ್ ದೊಡ್ಡದು ಮಾಡಿದರೆ ಅದೂ ತುಂಬುತ್ತದೆ. ಮೇಲೆ ಕ್ಲೌಡ್‌ನಲ್ಲಿ, ಅಂದರೆ ಇಂಟರ್ನೆಟ್ ಆಚೆ ಇರುವ ಕಂಪನಿಯ ಕಂಪ್ಯೂಟರುಗಳಲ್ಲಿ, ಒಂದು ಟಿಬಿ (ಸುಮಾರು ಸಾವಿರ ಜಿಬಿ) ಕೂತಿರುವಾಗ 512 ಯಾವ ಲೆಕ್ಕ?

ಈ ದೂರು ನನಗೆ ಹೊಸದಲ್ಲ. ಆಫೀಸಿನ ಐಟಿ ಸಪೋರ್ಟ್‌ನಲ್ಲಿ ಕೂತವನಿಗೆ ಇದು ನೆಗಡಿ ಕೆಮ್ಮು ಇದ್ದ ಹಾಗೆ. ಫೋನಿನಲ್ಲೇ ಅತ್ತಿಗೆಗೆ ಒಂದು ಮಾತು ಹೇಳಿದೆ. ನಿಮಗೂ ಅದನ್ನೇ ಮೊದಲು ಹೇಳುತ್ತೇನೆ: ಏನನ್ನೂ ಡಿಲೀಟ್ ಮಾಡಬೇಡಿ.

ಡಿಲೀಟ್ ಬೇರೆ, ಜಾಗ ಬಿಡಿಸುವುದು ಬೇರೆ

ಜಾಸ್ತಿ ಜನ ಎಡವುವುದು ಇಲ್ಲೇ. "ಹೇಗೂ ಕ್ಲೌಡ್‌ನಲ್ಲಿ ಇದೆಯಲ್ಲ" ಅಂದುಕೊಂಡು ಲ್ಯಾಪ್‌ಟಾಪ್‌ನ ಒನ್‌ಡ್ರೈವ್ (ಮೈಕ್ರೋಸಾಫ್ಟ್‌ನ ಕ್ಲೌಡ್, ಅತ್ತಿಗೆಯದೂ ಇದೇ) ಫೋಲ್ಡರಿನಿಂದ ಫೈಲುಗಳನ್ನು ಅಳಿಸುತ್ತಾರೆ. ಸ್ವಲ್ಪ ಹೊತ್ತಿಗೆ ಕ್ಲೌಡ್‌ನಲ್ಲೂ ಮಾಯ, ಫೋನಿನ ಆ್ಯಪ್‌ನಲ್ಲೂ ಮಾಯ. ಸಿಂಕ್ ಅಂದರೆ ಅದೇ ಅಲ್ವಾ? ಇಲ್ಲಿ ಮಾಡಿದ್ದು ಅಲ್ಲೂ ಆಗಬೇಕು. ನೀವು ಹೊಸದು ಸೇರಿಸಿದರೆ ಅಲ್ಲಿ ಸೇರುತ್ತದೆ, ಅಳಿಸಿದರೆ ಅಲ್ಲಿ ಅಳಿಯುತ್ತದೆ. ನಿಮ್ಮ ಮನಸ್ಸಿನಲ್ಲಿ ಅದು ಅಟ್ಟ ಇರಬಹುದು, ಅದರ ಲೆಕ್ಕದಲ್ಲಿ ಅದು ಕನ್ನಡಿ.

ಆಗಲೇ ಅಳಿಸಿಬಿಟ್ಟಿದ್ದರೆ ಕೈ ಚೆಲ್ಲಬೇಡಿ. ಬ್ರೌಸರ್‌ನಲ್ಲಿ ಲಾಗಿನ್ ಆಗಿ ಅಲ್ಲಿನ ರೀಸೈಕಲ್ ಬಿನ್ ನೋಡಿ. ಒನ್‌ಡ್ರೈವ್ ಸ್ವಂತ ಖಾತೆಯಲ್ಲಿ 30 ದಿನ ಇರುತ್ತದೆ. ಗೂಗಲ್ ಡ್ರೈವ್‌ನ ಕಸದ ಬುಟ್ಟಿಯಲ್ಲೂ 30 ದಿನ. ಆಫೀಸು, ಕಾಲೇಜು ಕೊಟ್ಟ ಒನ್‌ಡ್ರೈವ್ ಆದರೆ ಸಾಮಾನ್ಯವಾಗಿ 93 ದಿನ. ಮಧ್ಯೆ ನೀವೇ ಬುಟ್ಟಿ ಖಾಲಿ ಮಾಡಿದ್ದರೆ ಮಾತ್ರ ಕಷ್ಟ.

ನಮಗೆ ಬೇಕಿರುವುದು ಅಳಿಸುವುದಲ್ಲ. ಕ್ಲೌಡ್‌ನಲ್ಲಿ ಇರುವ ಪ್ರತಿಯನ್ನು ಹಾಗೇ ಬಿಟ್ಟು, ಲ್ಯಾಪ್‌ಟಾಪ್‌ನಲ್ಲಿ ಇಳಿದು ಕೂತಿರುವ ಪ್ರತಿಯನ್ನು ಮಾತ್ರ ವಾಪಸ್ ಕಳಿಸುವುದು. ಆಗ ಲ್ಯಾಪ್‌ಟಾಪ್‌ನಲ್ಲಿ ಫೈಲಿನ ಹೆಸರು ಉಳಿಯುತ್ತದೆ, ಒಳಗಿನ ಸರಕು ಹೋಗುತ್ತದೆ. ದೇವಸ್ಥಾನದ ಮುಂದೆ ಚಪ್ಪಲಿ ಬಿಟ್ಟು ಟೋಕನ್ ಇಸ್ಕೊಳ್ತೀವಲ್ಲ, ಹಾಗೆ. ಜೇಬಿನಲ್ಲಿ ಟೋಕನ್ ಇದೆ, ಚಪ್ಪಲಿ ಅವರ ಹತ್ತಿರ ಇದೆ. ಫೈಲನ್ನು ಡಬಲ್ ಕ್ಲಿಕ್ ಮಾಡಿದಾಗ ಟೋಕನ್ ಕೊಟ್ಟ ಹಾಗೆ, ಇಂಟರ್ನೆಟ್ ಮೂಲಕ ಇಳಿದು ಬರುತ್ತದೆ.

ಇನ್ನೊಂದು ಗೊಂದಲ ಇಲ್ಲೇ ಬಿಡಿಸಿಬಿಡೋಣ. ಕ್ಲೌಡ್‌ನ ಜಾಗ ಬೇರೆ ಖಾತೆ, ಡಿಸ್ಕಿನ ಜಾಗ ಬೇರೆ ಖಾತೆ. ಪುಕ್ಕಟೆ ಕೊಡುವುದು ಒನ್‌ಡ್ರೈವ್ 5 ಜಿಬಿ, ಐಕ್ಲೌಡ್ 5, ಡ್ರಾಪ್‌ಬಾಕ್ಸ್ 2, ಗೂಗಲ್ 15. ಗೂಗಲ್‌ನ ಆ 15ರಲ್ಲಿ ಜಿಮೇಲ್, ಫೋಟೋ, ಡ್ರೈವ್ ಮೂರೂ ಸೇರಿ. ಇದನ್ನು ದುಡ್ಡು ಕೊಟ್ಟು ಹೆಚ್ಚಿಸಿಕೊಂಡರೆ ಲ್ಯಾಪ್‌ಟಾಪ್‌ನಲ್ಲಿ ಒಂದು ಜಿಬಿಯೂ ಹೆಚ್ಚಾಗುವುದಿಲ್ಲ. ಉಲ್ಟಾ, ಮೇಲೆ ಜಾಗ ಜಾಸ್ತಿ ಆದಷ್ಟೂ ಕೆಳಗೆ ಇಳಿಯುವುದಕ್ಕೆ ಸರಕು ಜಾಸ್ತಿ.

ಮೊದಲು ಅಳತೆ

ಭಾನುವಾರ ಬೆಳಗ್ಗೆ ಅತ್ತಿಗೆ ಮನೆಗೆ ಹೋದೆ. ಲ್ಯಾಪ್‌ಟಾಪ್ ತೆಗೆದರೆ ಸಿ ಡ್ರೈವ್‌ನ ಪಟ್ಟಿ ಕೆಂಪಗೆ ತುದಿಯವರೆಗೆ ತುಂಬಿದೆ. 238 ಜಿಬಿಯಲ್ಲಿ 1.1 ಜಿಬಿ ಖಾಲಿ. "256 ಅಂತ ತಗೊಂಡಿದ್ದು, 238 ಯಾಕೆ ತೋರಿಸ್ತಿದೆ?" ಅಂತ ಅತ್ತಿಗೆ ಅಲ್ಲೇ ಹಿಡಿದರು. ಗಣಿತದ ಮೇಷ್ಟ್ರು ಬಿಡುತ್ತಾರಾ? ಡಿಸ್ಕ್ ಮಾಡುವವರು 1000ದ ಲೆಕ್ಕದಲ್ಲಿ ಜಿಬಿ ಎಣಿಸುತ್ತಾರೆ, ವಿಂಡೋಸ್ 1024ರ ಲೆಕ್ಕದಲ್ಲಿ ಎಣಿಸುತ್ತದೆ. ಜಾಗ ಅಷ್ಟೇ, ಅಳತೆಗೋಲು ಬೇರೆ. ಇದರಲ್ಲಿ ಮೋಸ ಏನಿಲ್ಲ.

ಈಗ ನಿಜವಾದ ಪರೀಕ್ಷೆ. ಫೈಲ್ ಎಕ್ಸ್‌ಪ್ಲೋರರ್ ತೆಗೆದು ಒನ್‌ಡ್ರೈವ್ ಫೋಲ್ಡರಿನ ಮೇಲೆ ರೈಟ್ ಕ್ಲಿಕ್ ಮಾಡಿ, ಪ್ರಾಪರ್ಟೀಸ್ ಒತ್ತಿ. ಅಲ್ಲಿ ಎರಡು ಸಾಲು ಕಾಣುತ್ತದೆ. ಒಂದು 'ಸೈಜ್', ಇನ್ನೊಂದು 'ಸೈಜ್ ಆನ್ ಡಿಸ್ಕ್'. ನೂರಕ್ಕೆ ತೊಂಬತ್ತು ಜನ ಎರಡನೇ ಸಾಲನ್ನು ನೋಡುವುದೇ ಇಲ್ಲ. ನಮಗೆ ಬೇಕಿರುವುದು ಅದೇ. ಮೊದಲನೆಯದು ಫೈಲುಗಳ ಒಟ್ಟು ತೂಕ, ಅವು ಎಲ್ಲೇ ಇರಲಿ. ಎರಡನೆಯದು ನಿಮ್ಮ ಡಿಸ್ಕಿನಲ್ಲಿ ನಿಜವಾಗಿ ಹಿಡಿದಿರುವ ಜಾಗ.

ಮೊದಲನೆಯದು 180 ಜಿಬಿ, ಎರಡನೆಯದು 2 ಜಿಬಿ ಅಂತಿದ್ದರೆ ಕ್ಲೌಡ್ ತಪ್ಪಿತಸ್ಥ ಅಲ್ಲ. ಬೇರೆ ಕಡೆ ಹುಡುಕಬೇಕು. ಎರಡೂ ಹೆಚ್ಚುಕಮ್ಮಿ ಒಂದೇ ಇದ್ದರೆ ಎಲ್ಲಾ ಇಳಿದು ಕೂತಿದೆ ಅಂತ ಅರ್ಥ. ಅತ್ತಿಗೆಯ ಲ್ಯಾಪ್‌ಟಾಪ್‌ನಲ್ಲಿ ಸೈಜ್ 131 ಜಿಬಿ, ಸೈಜ್ ಆನ್ ಡಿಸ್ಕ್ 118. ಕಳ್ಳ ಸಿಕ್ಕ ಅಂತಲೇ ಅನ್ನಿ. ಆದರೆ ಯಾವ ಕೋಣೆಯಲ್ಲಿ ಅಡಗಿದ್ದಾನೆ ಅಂತ ನೋಡಬೇಕು. ಒಳಗಿನ ಒಂದೊಂದು ಫೋಲ್ಡರಿಗೂ ಇದೇ ಪರೀಕ್ಷೆ ಮಾಡಿ. ಐದು ನಿಮಿಷದ ಕೆಲಸ. ಜಾಗ ಅಳೆಯುವ ಬೇರೆ ಸಾಫ್ಟ್‌ವೇರ್‌ಗಳೂ ಇವೆ. ಆದರೆ ಕೆಲವು, ಕ್ಲೌಡ್‌ನಲ್ಲಿ ಮಾತ್ರ ಇರುವ ಫೈಲನ್ನೂ ಡಿಸ್ಕಿನ ಲೆಕ್ಕಕ್ಕೆ ಸೇರಿಸಿ ದಾರಿ ತಪ್ಪಿಸುತ್ತವೆ. ಅದಕ್ಕೇ ನಾನು ಪ್ರಾಪರ್ಟೀಸ್ ಬಿಟ್ಟು ಕದಲುವುದಿಲ್ಲ.

ಮೋಡ, ಟಿಕ್, ತುಂಬಿದ ಟಿಕ್

ಒನ್‌ಡ್ರೈವ್ ಫೋಲ್ಡರಿನಲ್ಲಿ ಹೆಸರುಗಳ ಪಕ್ಕ 'ಸ್ಟೇಟಸ್' ಅನ್ನುವ ಕಂಬಸಾಲು ಇರುತ್ತದೆ. ಅಲ್ಲಿನ ಚಿಕ್ಕ ಚಿತ್ರಗಳನ್ನು ಓದಲು ಕಲಿತರೆ ಅರ್ಧ ರೋಗ ಗೊತ್ತಾಗುತ್ತದೆ.

ನೀಲಿ ಗೆರೆಯ ಮೋಡ ಇದ್ದರೆ ಫೈಲು ಕ್ಲೌಡ್‌ನಲ್ಲಿ ಮಾತ್ರ ಇದೆ, ಬರೀ ಟೋಕನ್. ಬಿಳಿ ವೃತ್ತದೊಳಗೆ ಹಸಿರು ಟಿಕ್ ಇದ್ದರೆ ಎರಡೂ ಕಡೆ ಇದೆ, ಬೇಕಾದಾಗ ಇಲ್ಲಿಂದ ಬಿಡಿಸಬಹುದು. ಹಸಿರು ತುಂಬಿದ ವೃತ್ತದೊಳಗೆ ಬಿಳಿ ಟಿಕ್ ಇದ್ದರೆ "ಇದು ಯಾವಾಗಲೂ ಈ ಲ್ಯಾಪ್‌ಟಾಪ್‌ನಲ್ಲಿ ಇರಲೇಬೇಕು" ಅಂತ ಯಾರೋ ಹೇಳಿಟ್ಟಿದ್ದಾರೆ. ಎರಡು ನೀಲಿ ಬಾಣ ಸುತ್ತುತ್ತಿದ್ದರೆ ಇನ್ನೂ ಸಿಂಕ್ ಆಗುತ್ತಿದೆ, ಕೈ ಹಾಕಬೇಡಿ.

ಎರಡನೆಯದಕ್ಕೂ ಮೂರನೆಯದಕ್ಕೂ ನೋಡುವುದಕ್ಕೆ ಕೂದಲೆಳೆಯಷ್ಟು ವ್ಯತ್ಯಾಸ. ಒಂದರಲ್ಲಿ ಟಿಕ್ ಹಸಿರು, ಇನ್ನೊಂದರಲ್ಲಿ ಸುತ್ತಲಿನ ವೃತ್ತ ಹಸಿರು. ಅತ್ತಿಗೆಯ ಕೇಸಿನಲ್ಲಿ ನಾನು ಎಡವಿದ್ದೂ ಇದರಲ್ಲೇ. ಹೇಳುತ್ತೇನೆ.

ಮೊದಲ ಸಲ ಸಿಕ್ಕ ಕಳ್ಳ

ಒಂದೊಂದೇ ಫೋಲ್ಡರ್ ಅಳೆಯುತ್ತಾ ಹೋದಾಗ ಡಾಕ್ಯುಮೆಂಟ್ಸ್ ಒಳಗೆ ಝೂಮ್ ಅನ್ನುವ ಫೋಲ್ಡರ್ ಸಿಕ್ಕಿತು. 44 ಜಿಬಿ! ಅತ್ತಿಗೆ ಕ್ಲಾಸ್ ತಪ್ಪಿಸಿಕೊಂಡ ಮಕ್ಕಳಿಗೋಸ್ಕರ ಪ್ರತಿ ಪಾಠವನ್ನೂ ರೆಕಾರ್ಡ್ ಮಾಡುತ್ತಾರೆ. ಕಂಪ್ಯೂಟರಿಗೆ ರೆಕಾರ್ಡ್ ಮಾಡು ಅಂದರೆ ಝೂಮ್ ಅದನ್ನು ಡಾಕ್ಯುಮೆಂಟ್ಸ್ ಒಳಗಿನ ತನ್ನ ಫೋಲ್ಡರಿನಲ್ಲಿ ಇಡುತ್ತದೆ. ನಾವು ಬದಲಾಯಿಸದಿದ್ದರೆ ಅದೇ ಜಾಗ. ತ್ರಿಕೋನಮಿತಿ ಒಂದಕ್ಕೇ ಹನ್ನೊಂದು ವಿಡಿಯೋ.

"ಅದು ಡಾಕ್ಯುಮೆಂಟ್ಸ್‌ನಲ್ಲಿ ಇರೋದು, ಕ್ಲೌಡ್‌ನಲ್ಲಿ ಅಲ್ಲ" ಅಂದರು ಅತ್ತಿಗೆ.

ಇದು ತುಂಬಾ ಜನಕ್ಕೆ ಗೊತ್ತಿಲ್ಲ. ಒನ್‌ಡ್ರೈವ್‌ನಲ್ಲಿ ಬ್ಯಾಕಪ್ ಅನ್ನುವ ಒಂದು ಸೌಲಭ್ಯ ಇದೆ. ಅದನ್ನು ಆನ್ ಮಾಡಿದರೆ ಡೆಸ್ಕ್‌ಟಾಪ್, ಡಾಕ್ಯುಮೆಂಟ್ಸ್, ಪಿಕ್ಚರ್ಸ್ ಈ ಫೋಲ್ಡರುಗಳೇ ಒನ್‌ಡ್ರೈವ್ ಒಳಗೆ ಹೋಗಿ ಕೂರುತ್ತವೆ. ಹೊಸ ಲ್ಯಾಪ್‌ಟಾಪ್ ಶುರು ಮಾಡುವಾಗ ನೆಕ್ಸ್ಟ್, ನೆಕ್ಸ್ಟ್ ಅಂತ ಒತ್ತುವ ಭರದಲ್ಲಿ ಎಷ್ಟೋ ಜನ ಇದಕ್ಕೂ ಒಪ್ಪಿಬಿಟ್ಟಿರುತ್ತಾರೆ. ನಿಮ್ಮಲ್ಲಿ ಹೇಗಿದೆ ಅಂತ ನೋಡಲು ಡೆಸ್ಕ್‌ಟಾಪ್ ಮೇಲಿನ ಯಾವುದಾದರೂ ಫೈಲಿನ ಪ್ರಾಪರ್ಟೀಸ್ ತೆಗೆದು 'ಲೊಕೇಶನ್' ಓದಿ. ಆ ದಾರಿಯಲ್ಲಿ ಒನ್‌ಡ್ರೈವ್ ಅನ್ನುವ ಹೆಸರು ಬಂದರೆ ಬ್ಯಾಕಪ್ ಆನ್ ಆಗಿದೆ.

ಆನ್ ಇದ್ದರೆ ತಪ್ಪೇನಿಲ್ಲ, ಒಳ್ಳೆಯದೇ. ಲ್ಯಾಪ್‌ಟಾಪ್ ಕಳೆದುಹೋದರೂ ಫೈಲು ಉಳಿಯುತ್ತದೆ. ಆದರೆ ಒಂದು ವಿಷಯ ನೆನಪಿರಲಿ. ಕ್ಲೌಡ್‌ನಿಂದ ಬಂದ ಫೈಲು ಮೊದಲು ಮೋಡವಾಗಿ ಕಾಣುತ್ತದೆ, ತೆಗೆದಾಗ ಮಾತ್ರ ಇಳಿಯುತ್ತದೆ. ಆದರೆ ಈ ಲ್ಯಾಪ್‌ಟಾಪ್‌ನಲ್ಲೇ ಹುಟ್ಟಿದ ಫೈಲು ಇಲ್ಲೇ ಇರುತ್ತದೆ. ಮೇಲಕ್ಕೆ ಒಂದು ಪ್ರತಿ ಹೋದರೂ ಕೆಳಗಿನ ಪ್ರತಿ ತಾನಾಗಿ ಹೋಗುವುದಿಲ್ಲ. ನೀವು ಬಿಡಿಸಬೇಕು, ಇಲ್ಲವೇ ಬಿಡಿಸು ಅಂತ ವಿಂಡೋಸ್‌ಗೆ ಹೇಳಿಡಬೇಕು. ಅತ್ತಿಗೆಯ ಎರಡು ವರ್ಷದ ಪಾಠಗಳೆಲ್ಲ ಹೀಗೇ ಉಳಿದುಕೊಂಡಿದ್ದವು.

ಬಿಡಿಸುವ ಮುಂಚೆ ಮೇಲಿನ ಪ್ರತಿ ನಿಜವಾಗಿ ಇದೆಯಾ ಅಂತ ನೋಡಲೇಬೇಕು. ಬ್ರೌಸರ್‌ನಲ್ಲಿ ಒನ್‌ಡ್ರೈವ್ ತೆಗೆದು ಅದೇ ಫೋಲ್ಡರಿಗೆ ಹೋಗಿ. ಎರಡು ಮೂರು ವಿಡಿಯೋ ಅಲ್ಲೇ ಓಡಿಸಿ ನೋಡಿ. ಹೆಸರು ಕಂಡರೆ ಸಾಲದು, ಓಡಬೇಕು. ಇದನ್ನು ಮಾಡದೆ ನಾನು ಯಾರ ಲ್ಯಾಪ್‌ಟಾಪ್‌ಗೂ ಮುಂದಿನ ಹೆಜ್ಜೆ ಇಡುವುದಿಲ್ಲ. ಅತಿಯಾಯ್ತು ಅನ್ನುವವರು ಅನ್ನಲಿ.

ಆಮೇಲೆ ಝೂಮ್ ಫೋಲ್ಡರಿನ ಮೇಲೆ ರೈಟ್ ಕ್ಲಿಕ್ ಮಾಡಿ 'ಫ್ರೀ ಅಪ್ ಸ್ಪೇಸ್' ಒತ್ತಿದೆ. ಹಸಿರು ಟಿಕ್‌ಗಳು ಒಂದೊಂದಾಗಿ ಮೋಡವಾದವು. ಸಿ ಡ್ರೈವ್ 45 ಜಿಬಿ ಖಾಲಿ ತೋರಿಸಿತು. ಅತ್ತಿಗೆ ಖುಷಿಯಾಗಿ ಉಪ್ಪಿಟ್ಟು ಕೊಟ್ಟರು. ನಾನೂ ಖುಷಿಯಾಗಿ ತಿಂದು ಮನೆಗೆ ಬಂದೆ.

ನಿಮ್ಮಲ್ಲಿ ಆ ಆಯ್ಕೆಯೇ ಕಾಣದಿದ್ದರೆ, ಕೆಳಗೆ ಮೂಲೆಯ ಮೋಡದ ಚಿತ್ರ ಒತ್ತಿ ಒನ್‌ಡ್ರೈವ್ ಸೆಟ್ಟಿಂಗ್ಸ್‌ಗೆ ಹೋಗಿ. 'ಸಿಂಕ್ ಆ್ಯಂಡ್ ಬ್ಯಾಕಪ್' ಒಳಗಿನ ಅಡ್ವಾನ್ಸ್‌ಡ್ ಸೆಟ್ಟಿಂಗ್ಸ್‌ನಲ್ಲಿ 'ಫೈಲ್ಸ್ ಆನ್ ಡಿಮ್ಯಾಂಡ್' ಅಂತ ಇದೆ. 2017ರಲ್ಲಿ ವಿಂಡೋಸ್ 10ಕ್ಕೆ ಬಂದದ್ದು. ಅಲ್ಲಿ ಎರಡು ಗುಂಡಿ ಇರುತ್ತದೆ. ಒಂದು ಎಲ್ಲವನ್ನೂ ಬಿಡಿಸುವುದು, ಇನ್ನೊಂದು ಎಲ್ಲವನ್ನೂ ಇಳಿಸುವುದು. ಎರಡನೆಯದನ್ನು ತಪ್ಪಿ ಒತ್ತಿದರೆ ಒಂದು ಟಿಬಿಯೂ ನಿಮ್ಮ ಮನೆಗೆ ಹೊರಟಿತು ಅಂತಲೇ ತಿಳಿಯಿರಿ. ಓದಿ ಒತ್ತಿ.

ಆಯ್ಕೆ ಕಾಣುತ್ತದೆ ಆದರೆ ಫೈಲು ಬಿಡುತ್ತಿಲ್ಲ ಅಂದರೆ ಸಾಮಾನ್ಯವಾಗಿ ಎರಡು ಕಾರಣ. ಆ ಫೈಲು ಯಾವುದೋ ಪ್ರೋಗ್ರಾಮಿನಲ್ಲಿ ತೆರೆದಿರುತ್ತದೆ. ಇಲ್ಲ, ಅದು ಇನ್ನೂ ಮೇಲಕ್ಕೆ ಹೋಗಿಯೇ ಇರುವುದಿಲ್ಲ. ಎರಡನೆಯದಕ್ಕೆ ಕ್ಲೌಡ್ ಖಾತೆ ತುಂಬಿರುವುದೇ ಕಾರಣ ಇರಬಹುದು, ಅದನ್ನೂ ನೋಡಿ. ಪುಕ್ಕಟೆ 5 ಜಿಬಿ ಖಾತೆಗೆ 40 ಜಿಬಿ ವಿಡಿಯೋ ಹಾಕಿ ಕಾಯುತ್ತಾ ಕೂತವರನ್ನು ನೋಡಿದ್ದೇನೆ.

ಬುಧವಾರ ಮತ್ತೆ ಫೋನು

"ಮತ್ತೆ ಕೆಂಪಾಯ್ತು ಕಣೋ."

ಮೂರೇ ದಿನ! 45 ಜಿಬಿ ಎಲ್ಲಿ ಹೋಯಿತು? ಮೊದಲು ಅನಿಸಿದ್ದು, ಪಾಠದ ವಿಡಿಯೋಗಳನ್ನು ಯಾರೋ ಮತ್ತೆ ತೆಗೆದಿದ್ದಾರೆ, ಅವೇ ಇಳಿದಿವೆ ಅಂತ. ಇಲ್ಲ, ಝೂಮ್ ಫೋಲ್ಡರಿನ ಮೇಲೆ ಮೋಡಗಳು ಹಾಗೇ ಇದ್ದವು.

ಬಿಡಿಸಿದ ಜಾಗ ಮತ್ತೆ ತುಂಬಿದರೆ ಊಹೆ ಮಾಡುತ್ತಾ ಕೂರಬೇಡಿ, ಈ ಸಣ್ಣ ಪರೀಕ್ಷೆ ಮಾಡಿ. ಸಿ ಡ್ರೈವ್‌ನಲ್ಲಿ ಎಷ್ಟು ಖಾಲಿ ಇದೆ ಅಂತ ಒಂದು ಚೀಟಿಯಲ್ಲಿ ಬರೆದಿಡಿ. ಒನ್‌ಡ್ರೈವ್‌ನ ಮೋಡದ ಚಿತ್ರ ಒತ್ತಿ 'ಪಾಜ್ ಸಿಂಕಿಂಗ್' ಕೊಡಿ, ಸಿಂಕ್ ಸ್ವಲ್ಪ ಹೊತ್ತು ನಿಲ್ಲುತ್ತದೆ. 2, 8 ಅಥವಾ 24 ಗಂಟೆ ಅಂತ ಕೇಳುತ್ತದೆ. 2 ಸಾಕು. ಲ್ಯಾಪ್‌ಟಾಪ್ ಆನ್ ಇರಲಿ, ಮಲಗಿಸಬೇಡಿ. ವಾಪಸ್ ಬಂದು ಅಂಕಿ ನೋಡಿ. ಇಳಿದಿಲ್ಲ ಅಂದರೆ ಸಿಂಕ್ ಮೇಲೆ ಅನುಮಾನ. ಸಿಂಕ್ ನಿಂತಿದ್ದರೂ ಇಳಿಯುತ್ತಲೇ ಇದ್ದರೆ ತುಂಬುತ್ತಿರುವುದು ಬೇರೆ ಯಾವುದೋ.

ಸ್ವಲ್ಪ ಜಾಗ ಇಲ್ಲದೆ ಪರೀಕ್ಷೆ ನಡೆಯುವುದಿಲ್ಲ. ಅತ್ತಿಗೆಯ ಹಳೇ ಸಿನಿಮಾಗಳನ್ನು ಪೋರ್ಟಬಲ್ ಹಾರ್ಡ್ ಡಿಸ್ಕಿಗೆ ಹಾಕಿ 32 ಜಿಬಿ ಮಾಡಿಕೊಂಡೆ. ಸಿಂಕ್ ನಿಲ್ಲಿಸಿದೆ. ಅಣ್ಣನ ಜೊತೆ ಗಾಂಧಿ ಬಜಾರ್ ತನಕ ನಡೆದುಕೊಂಡು ಹೋಗಿ ಬೈ ಟೂ ಕಾಫಿ ಕುಡಿದು, ಅತ್ತಿಗೆಗೆ ಮಲ್ಲಿಗೆ ಹೂವು ಹಿಡಿದು ವಾಪಸ್ ಬಂದೆವು. ಅಂಕಿ ಇದ್ದಲ್ಲೇ ಇತ್ತು: 32.0. ಸರಿ ಅಂತ ಸಿಂಕ್ ಮತ್ತೆ ಶುರು ಮಾಡಿ ಫೈಲ್ ಎಕ್ಸ್‌ಪ್ಲೋರರ್ ತೆರೆದಿಟ್ಟು, ಅಂಕಿ ಹೊಸದಾಗಿ ತೋರಿಸಲಿ ಅಂತ ಎಫ್5 ಒತ್ತುತ್ತಾ ಕೂತೆ. 31.8. ಎರಡು ನಿಮಿಷಕ್ಕೆ 31.3. ಇನ್ನೊಂದು ಸ್ವಲ್ಪ ಹೊತ್ತಿಗೆ 30.7. ಯಾರೂ ಏನೂ ಮುಟ್ಟುತ್ತಿಲ್ಲ, ಜಾಗ ಮಾತ್ರ ಕಣ್ಣೆದುರಿಗೇ ಕರಗುತ್ತಿದೆ.

ಮೋಡದ ಚಿತ್ರ ಒತ್ತಿದರೆ ಈಗ ಯಾವ ಫೈಲು ಬರುತ್ತಿದೆ ಅಂತ ಪಟ್ಟಿ ಕಾಣುತ್ತದೆ. ಅಲ್ಲಿ ಸಾಲಾಗಿ ಫೋಟೋ, ವಿಡಿಯೋ. ತೆಗೆದು ನೋಡಿದರೆ ಅತ್ತಿಗೆಯ ತಂಗಿ ಮಗಳ ಮದುವೆ. ಧಾರೆ, ಸಪ್ತಪದಿ, ಊಟದ ಹಾಲ್, ಎಲ್ಲಾ 4ಕೆ. ಅತ್ತಿಗೆ ಫೋನಿನಲ್ಲಿ ಕ್ಯಾಮೆರಾ ಬ್ಯಾಕಪ್ ಆನ್ ಇಟ್ಟಿದ್ದರು. ಫೋನು ವೈಫೈ ಸಿಕ್ಕಾಗಲೆಲ್ಲ ಮೇಲಕ್ಕೆ ಕಳಿಸುತ್ತಿತ್ತು. ಅದು ಒನ್‌ಡ್ರೈವ್‌ನ ಪಿಕ್ಚರ್ಸ್ ಒಳಗಿನ ಕ್ಯಾಮೆರಾ ರೋಲ್‌ಗೆ ಹೋಗಿ ಬೀಳುತ್ತಿತ್ತು. ಅಲ್ಲಿಯವರೆಗೆ ಸರಿ. ಆದರೆ ಲ್ಯಾಪ್‌ಟಾಪ್‌ಗೆ ಯಾಕೆ ಇಳಿಯಬೇಕು?

ಕನ್ನಡಕ ಹಾಕಿಕೊಂಡು ಪಿಕ್ಚರ್ಸ್ ಫೋಲ್ಡರಿನ ಪಕ್ಕದ ಚಿತ್ರ ನೋಡಿದೆ. ತುಂಬಿದ ಹಸಿರು ವೃತ್ತ. ಭಾನುವಾರ ಇದನ್ನೇ ನಾನು ಮಾಮೂಲಿ ಟಿಕ್ ಅಂದುಕೊಂಡು ಮುಂದೆ ಹೋಗಿದ್ದೆ.

ಯಾರೋ ಆ ಫೋಲ್ಡರಿನ ಮೇಲೆ 'ಆಲ್ವೇಸ್ ಕೀಪ್ ಆನ್ ದಿಸ್ ಡಿವೈಸ್' ಒತ್ತಿದ್ದರು. ಫೋಲ್ಡರಿಗೆ ಇದನ್ನು ಕೊಟ್ಟರೆ ಈಗ ಒಳಗೆ ಇರುವುದಷ್ಟೇ ಅಲ್ಲ, ಮುಂದೆ ಬಂದು ಬೀಳುವುದೂ ತಾನಾಗಿ ಇಳಿಯುತ್ತದೆ. ಅಂದರೆ ಅತ್ತಿಗೆ ಛತ್ರದಲ್ಲಿ ನಿಂತು ಫೋನಿನಲ್ಲಿ ಒಂದು ವಿಡಿಯೋ ಹೊಡೆದರೆ, ಹನುಮಂತನಗರದಲ್ಲಿ ಲ್ಯಾಪ್‌ಟಾಪ್‌ನ ಜಾಗ ಕಡಿಮೆಯಾಗುತ್ತದೆ. ಸಾಫ್ಟ್‌ವೇರ್ ಹೇಳಿದ್ದನ್ನು ಹೇಳಿದ ಹಾಗೇ ಮಾಡುತ್ತಿತ್ತು ಪಾಪ. ಒತ್ತಿದವನು ಅಣ್ಣನ ಮಗ. "ಊರಿಗೆ ಹೋಗುವಾಗ ಅಜ್ಜಿಗೆ ಫೋಟೋ ತೋರ್ಸೋಣ ಅಂತ ಒತ್ತಿದ್ದೆ ಚಿಕ್ಕಪ್ಪ, ನೆಟ್ ಸಿಗಲ್ಲ ಅಲ್ಲಿ" ಅಂದ. ಅವನು ಒತ್ತಿದ್ದು ಹೋದ ದಸರಾ ರಜೆಯಲ್ಲಿ.

ಮದ್ದು ಸುಲಭ. ಪಿಕ್ಚರ್ಸ್ ಮೇಲೆ ರೈಟ್ ಕ್ಲಿಕ್ ಮಾಡಿ ಆ ಆಯ್ಕೆಯ ಮುಂದಿನ ಟಿಕ್ ತೆಗೆಯಿರಿ. ಆದರೆ ಟಿಕ್ ತೆಗೆದ ಮಾತ್ರಕ್ಕೆ ಜಾಗ ಬರುವುದಿಲ್ಲ. ತುಂಬಿದ ಹಸಿರು ಮಾಮೂಲಿ ಹಸಿರಾಗುತ್ತದೆ ಅಷ್ಟೇ. ಆಮೇಲೆ 'ಫ್ರೀ ಅಪ್ ಸ್ಪೇಸ್' ಒತ್ತಿ. 61 ಜಿಬಿ ವಾಪಸ್ ಬಂತು. ಪಿಕ್ಚರ್ಸ್‌ನ ಸೈಜ್ ಆನ್ ಡಿಸ್ಕ್ ನೋಡಿದರೆ ಬರೀ ಎಂಬಿಗಳಲ್ಲಿ.

ಮತ್ತೆ ತುಂಬುವುದಕ್ಕೆ ಇನ್ನೂ ಒಂದು ದಾರಿ ಇದೆ. ಬೇರೆ ಪ್ರೋಗ್ರಾಮುಗಳು. ಫೋಟೋ ಜೋಡಿಸುವ ಸಾಫ್ಟ್‌ವೇರ್, ಇನ್ನೊಂದು ಕಂಪನಿಯ ಬ್ಯಾಕಪ್ ಇಂಥವು ಫೈಲನ್ನು ಓದಲು ಹೋದರೆ ಓದುವುದಕ್ಕೋಸ್ಕರ ಅದು ಇಳಿಯಲೇಬೇಕು. ಒಂದೇ ಡಾಕ್ಯುಮೆಂಟ್ಸ್ ಫೋಲ್ಡರಿಗೆ ಎರಡು ಕ್ಲೌಡ್ ಸೇವೆ ಕಟ್ಟಿದವರನ್ನು ನೋಡಿದ್ದೇನೆ. ಒಂದು ಮೇಲೆ ಕಳಿಸುವುದು, ಇನ್ನೊಂದು ಕೆಳಗೆ ಎಳೆಯುವುದು. ಒಂದನ್ನು ಬಿಡಿಸಿ. ವಿಂಡೋಸ್ ಸೆಟ್ಟಿಂಗ್ಸ್‌ನ ಪ್ರೈವಸಿ ವಿಭಾಗದಲ್ಲಿ 'ಆಟೋಮ್ಯಾಟಿಕ್ ಫೈಲ್ ಡೌನ್‌ಲೋಡ್ಸ್' ಅನ್ನುವುದೂ ಇದೆ, ಅದನ್ನೂ ಒಂದು ಸಲ ನೋಡಿ.

ಗೂಗಲ್ ಡ್ರೈವ್ ಇದ್ದರೆ

ಇಲ್ಲಿ ಕೇಳಬೇಕಾದ ಪ್ರಶ್ನೆ ಒಂದೇ: ಸ್ಟ್ರೀಮ್ ಇದೆಯಾ, ಮಿರರ್ ಇದೆಯಾ? ಡ್ರೈವ್ ಆ್ಯಪ್‌ನ ಪ್ರಿಫರೆನ್ಸಸ್‌ನಲ್ಲಿ ಕಾಣುತ್ತದೆ. ಮಿರರ್ ಅಂದರೆ ಮೈ ಡ್ರೈವ್‌ನಲ್ಲಿರುವ ಎಲ್ಲವೂ ಡಿಸ್ಕಿಗೆ ಇಳಿಯುತ್ತದೆ. ಸ್ಟ್ರೀಮ್ ಅಂದರೆ ಟೋಕನ್ ಲೆಕ್ಕ, ಬೇಕಾದ್ದು ಮಾತ್ರ ಇಳಿಯುತ್ತದೆ. ಡಿಸ್ಕ್ ಚಿಕ್ಕದಿದ್ದರೆ ಸ್ಟ್ರೀಮ್‌ಗೆ ಬದಲಾಯಿಸಿ.

ಬದಲಾಯಿಸಿದ ಮೇಲೂ ಜಾಗ ಬರಲಿಲ್ಲ ಅಂತ ದೂರು ಬರುತ್ತದೆ. ಬರುವುದಿಲ್ಲ, ಯಾಕಂದರೆ ಹಳೇ ಮಿರರ್ ಫೋಲ್ಡರ್ ಡಿಸ್ಕಿನಲ್ಲಿ ಹಾಗೇ ಉಳಿದಿರುತ್ತದೆ. ಈಗ ಅದಕ್ಕೆ ಕ್ಲೌಡ್ ಜೊತೆ ಸಂಬಂಧ ಇಲ್ಲ. ಎಲ್ಲಾ ಮೇಲಿದೆ ಅಂತ ಬ್ರೌಸರ್‌ನಲ್ಲಿ ಖಾತ್ರಿ ಮಾಡಿಕೊಂಡು ಅದನ್ನು ಅಳಿಸಬಹುದು. 'ಡಿಲೀಟ್ ಮಾಡಬೇಡಿ' ಅಂದ ಮಾತಿಗೆ ಇದೊಂದು ಹೊರತು. ಗೂಗಲ್‌ನ ಹಳೇ ಆ್ಯಪ್ 'ಬ್ಯಾಕಪ್ ಆ್ಯಂಡ್ ಸಿಂಕ್' ಕಾಲದ ಫೋಲ್ಡರ್ ಇನ್ನೂ ಇಟ್ಟುಕೊಂಡವರೂ ಇದ್ದಾರೆ. ಆ ಆ್ಯಪ್ 2021ರ ಅಕ್ಟೋಬರ್‌ನಲ್ಲೇ ನಿಂತುಹೋಯಿತು.

ಸ್ಟ್ರೀಮ್‌ಗೂ ಒಂದು ಕ್ಯಾಶ್, ಅಂದರೆ ಫೈಲುಗಳನ್ನು ತಾತ್ಕಾಲಿಕವಾಗಿ ಇಟ್ಟುಕೊಳ್ಳುವ ಜಾಗ, ಇರುತ್ತದೆ. ಬಳಕೆದಾರರ ಆ್ಯಪ್‌ಡೇಟಾ ಒಳಗೆ, ಗೂಗಲ್ ಫೋಲ್ಡರಿನಲ್ಲಿ 'ಡ್ರೈವ್‌ಎಫ್‌ಎಸ್' ಅಂತ. ದೊಡ್ಡದಾಗಿದೆ ಅಂತ ಸುಮ್ನೆ ಹೋಗಿ ಅಳಿಸಬೇಡಿ. ಇನ್ನೂ ಮೇಲೆ ಹೋಗದ ಫೈಲು ಅದರೊಳಗೆ ಇದ್ದರೆ ಅದರ ಪ್ರತಿ ಇರುವುದು ಅಲ್ಲಿ ಮಾತ್ರ. ಮೊದಲು ಡ್ರೈವ್ ಐಕಾನ್ ಒತ್ತಿ, ಅಪ್‌ಲೋಡ್ ಏನೂ ಬಾಕಿ ಇಲ್ಲ ಅಂತ ನೋಡಿ. ಆಮೇಲೆ ಖಾತೆಯನ್ನು ಡಿಸ್‌ಕನೆಕ್ಟ್ ಮಾಡಿ ಮತ್ತೆ ಸೇರಿಸುವುದು ಸುರಕ್ಷಿತ ದಾರಿ.

ಮ್ಯಾಕ್‌ನಲ್ಲಿ

ಮ್ಯಾಕ್‌ನವರು ಫೋಲ್ಡರಿನ 'ಗೆಟ್ ಇನ್ಫೋ' ತೆಗೆದರೆ 'ಆನ್ ಡಿಸ್ಕ್' ಅಂತ ಬೇರೆ ಅಂಕಿ ಕಾಣುತ್ತದೆ. ಅಲ್ಲಿಂದ ತತ್ವ ಅದೇ. ಫೈಂಡರ್‌ನಲ್ಲಿ ಫೈಲಿನ ಮೇಲೆ ಕಂಟ್ರೋಲ್ ಕ್ಲಿಕ್ ಮಾಡಿ 'ರಿಮೂವ್ ಡೌನ್‌ಲೋಡ್' ಕೊಟ್ಟರೆ ಕೆಳಗಿನ ಪ್ರತಿ ಮಾತ್ರ ಹೋಗುತ್ತದೆ. ಐಕ್ಲೌಡ್‌ನಲ್ಲಿರುವ ಫೈಲುಗಳ ಕೆಳಗಿನ ಪ್ರತಿಯನ್ನು ತಾನಾಗಿ ಬಿಡಿಸುವ 'ಆಪ್ಟಿಮೈಸ್ ಮ್ಯಾಕ್ ಸ್ಟೋರೇಜ್' ಆನ್ ಮಾಡಿದ ತಕ್ಷಣ ಏನೂ ಆಗಲಿಲ್ಲ ಅಂತ ಬೇಜಾರು ಬೇಡ. ಜಾಗದ ತೊಂದರೆ ಬಂದಾಗ ಮಾತ್ರ ಅದು ಕೆಲಸ ಮಾಡುವುದು. ಇನ್ನು, ಬಿಡಿಸಿದರೂ ಅಂಕಿ ಏರದಿದ್ದರೆ ಟೈಮ್ ಮಷೀನ್‌ನ (ಮ್ಯಾಕ್‌ನದೇ ಬ್ಯಾಕಪ್) ಲೋಕಲ್ ಸ್ನ್ಯಾಪ್‌ಶಾಟ್, ಅಂದರೆ ಡಿಸ್ಕಿನಲ್ಲೇ ಇಟ್ಟ ಹಳೇ ಪ್ರತಿ, ಜಾಗ ಹಿಡಿದಿಟ್ಟಿರಬಹುದು. ಅವು ಸಾಮಾನ್ಯವಾಗಿ 24 ಗಂಟೆಯಲ್ಲಿ ಹೋಗುತ್ತವೆ. ಒಂದು ದಿನ ಬಿಟ್ಟು ನೋಡಿ.

ಕ್ಲೌಡ್ ಅಲ್ಲ ಅಂತಾದರೆ

ಬೇಗ ಹೇಳಿಬಿಡುತ್ತೇನೆ. ಲ್ಯಾಪ್‌ಟಾಪ್‌ನ ರೀಸೈಕಲ್ ಬಿನ್ ಖಾಲಿ ಮಾಡಿ, ಅದರಲ್ಲಿರುವುದೂ ಡಿಸ್ಕಿನ ಜಾಗವೇ. ಡೌನ್‌ಲೋಡ್ಸ್ ಫೋಲ್ಡರನ್ನು ಸೈಜ್ ಪ್ರಕಾರ ಜೋಡಿಸಿ ನೋಡಿ. ಒಂದೇ ಪಿಡಿಎಫ್ ಆರು ಸಲ ಇರುತ್ತದೆ. ವಿಂಡೋಸ್ ಈಚೆಗೆ ಅಪ್‌ಗ್ರೇಡ್ ಆಗಿದ್ದರೆ ಹಳೇ ವಿಂಡೋಸ್‌ನ ಫೋಲ್ಡರ್ ಹತ್ತು ದಿನ ಇದ್ದು ತಾನಾಗಿ ಹೋಗುತ್ತದೆ. ಕೆಲಸ ಬದಲಾಯಿಸಿದವರ ಲ್ಯಾಪ್‌ಟಾಪ್‌ನಲ್ಲಿ ಹಳೇ ಖಾತೆಯ ಒನ್‌ಡ್ರೈವ್ ಫೋಲ್ಡರ್ ಅನಾಥವಾಗಿ ಬಿದ್ದಿರುವುದೂ ಉಂಟು. ಖಾತೆ ಕಿತ್ತರೂ ಇಳಿದಿದ್ದ ಫೈಲುಗಳು ಉಳಿಯುತ್ತವೆ.

ಮತ್ತೆ ತುಂಬದ ಹಾಗೆ

ವಿಂಡೋಸ್ ಸೆಟ್ಟಿಂಗ್ಸ್‌ನಲ್ಲಿ ಸಿಸ್ಟಮ್, ಅದರೊಳಗೆ ಸ್ಟೋರೇಜ್, ಅದರೊಳಗೆ 'ಸ್ಟೋರೇಜ್ ಸೆನ್ಸ್'. ಅದನ್ನು ಆನ್ ಮಾಡಿ, ಕೆಳಗೆ ಒನ್‌ಡ್ರೈವ್ ಹೆಸರಿನ ಜಾಗದಲ್ಲಿ ಎಷ್ಟು ದಿನ ತೆಗೆಯದಿದ್ದರೆ ಕ್ಲೌಡ್‌ಗೆ ಮಾತ್ರ ಬಿಡಬೇಕು ಅಂತ ಕೊಡಿ. 1, 14, 30, 60 ದಿನದ ಆಯ್ಕೆಗಳಿವೆ. ಅತ್ತಿಗೆಗೆ 30 ಇಟ್ಟಿದ್ದೇನೆ. ಒಂದು ತಿಂಗಳು ಯಾರೂ ಕೇಳದ ಪಾಠ ತಾನಾಗಿ ಮೋಡವಾಗುತ್ತದೆ. ತುಂಬಿದ ಹಸಿರು ಇರುವುದನ್ನು ಇದು ಮುಟ್ಟುವುದಿಲ್ಲ. ಅದೇ ಪುಟದಲ್ಲಿ ಡೌನ್‌ಲೋಡ್ಸ್ ಫೋಲ್ಡರಿನ ಬಗ್ಗೆಯೂ ಒಂದು ಆಯ್ಕೆ ಇದೆ. ಅದು 'ನೆವರ್' ಅಂತಲೇ ಇರಲಿ. ಅದು ಬಿಡಿಸುವುದಲ್ಲ, ನಿಜವಾಗಿ ಅಳಿಸುವುದು.

ಬ್ಯಾಕಪ್‌ನೇ ಬೇಡ ಅಂತ ಆಫ್ ಮಾಡುವವರಿಗೆ ಒಂದು ಎಚ್ಚರಿಕೆ. ಆಫ್ ಮಾಡಿದಾಗ ಕೆಲವು ಸಲ ಡೆಸ್ಕ್‌ಟಾಪ್ ಬರಿದಾಗಿ ಕಾಣುತ್ತದೆ. ಎದೆ ಧಸಕ್ ಅನ್ನುತ್ತದೆ. ಫೈಲುಗಳು ಒನ್‌ಡ್ರೈವ್ ಒಳಗಿನ ಡೆಸ್ಕ್‌ಟಾಪ್ ಫೋಲ್ಡರಿನಲ್ಲಿ ಇರುತ್ತವೆ, ಅಲ್ಲಿಂದ ಎತ್ತಿ ತಂದುಕೊಳ್ಳಿ.

ಎಲ್ಲವನ್ನೂ ಮೋಡ ಮಾಡಿಬಿಡುವುದೂ ಜಾಣತನ ಅಲ್ಲ. ನಮ್ಮೂರಲ್ಲಿ ಮಳೆ ಬಂದರೆ ಕರೆಂಟ್ ಹೋಗುತ್ತದೆ. ಕರೆಂಟ್ ಹೋದರೆ ವೈಫೈ ಹೋಗುತ್ತದೆ. ಲ್ಯಾಪ್‌ಟಾಪ್‌ನಲ್ಲಿ ಚಾರ್ಜ್ ಇದ್ದರೂ ಮೋಡದ ಫೈಲು ತೆರೆಯುವುದಿಲ್ಲ. ಬಿಡಿಸಿದ್ದನ್ನೆಲ್ಲ ಮತ್ತೆ ಇಳಿಸುತ್ತೇನೆ ಅಂದರೆ 40 ಎಂಬಿಪಿಎಸ್ ಲೈನಿನಲ್ಲಿ 60 ಜಿಬಿಗೆ ಮೂರು ಗಂಟೆಗೂ ಜಾಸ್ತಿ. ದಿನಕ್ಕೆ 1.5 ಜಿಬಿಯ ಫೋನ್ ಪ್ಯಾಕ್‌ನಲ್ಲಾದರೆ ನಲವತ್ತು ದಿನ. ಅದಕ್ಕೇ ದಿನಾ ಬೇಕಾಗುವುದನ್ನು ಆರಿಸಿ ಇಲ್ಲೇ ಇಟ್ಟುಕೊಳ್ಳಬೇಕು.

ಅತ್ತಿಗೆಯ ಜೊತೆ ಕೂತು ಆರಿಸಿದೆವು. ಟ್ಯೂಷನ್ ಪ್ರಶ್ನೆಪತ್ರಿಕೆಗಳ ಫೋಲ್ಡರ್, 380 ಎಂಬಿ. ಅದಕ್ಕೆ ಮಾತ್ರ ತುಂಬಿದ ಹಸಿರು ಕೊಟ್ಟೆ. ಎರಡು ದಿನ ಬಿಟ್ಟು ಸಂಜೆ ಜೋರು ಮಳೆ. ಆರು ಗಂಟೆಗೆ ಕರೆಂಟ್ ಹೋಯಿತಂತೆ. ಎದುರಿಗೆ ಒಂಬತ್ತನೇ ಕ್ಲಾಸಿನ ಏಳು ಮಕ್ಕಳು ಕೂತಿದ್ದರು. ಪತ್ರಿಕೆ ತೆರೆಯಿತು. ಅತ್ತಿಗೆ ಲ್ಯಾಪ್‌ಟಾಪ್ ಬೆಳಕಿನಲ್ಲೇ ಹತ್ತು ಪ್ರಶ್ನೆ ಓದಿ ಬರೆಸಿದರಂತೆ. "ಮದುವೆ ವಿಡಿಯೋ ಮಾತ್ರ ಓಪನ್ ಆಗ್ಲಿಲ್ಲ ಕಣೋ" ಅಂದರು. ಆಗಬಾರದು, ಅದು ಮೋಡ.